ಗ್ಲಾಸ್ ಅಯನೋಮರ್ ಸಿಮೆಂಟ್: ಗುಣವರಿತು ಬಳಸುವ ಬಗೆ

ಹಲ್ಲಿನ ಕುಳಿಗೆ ಗ್ಲಾಸ್ ಅಯನೋಮರ್ ಸಿಮೆಂಟ್ ತುಂಬಿಸಿಕೊಂಡ ರೋಗಿ ಕೆಲವೇ ತಿಂಗಳಲ್ಲಿ ‘ಸಿಮೆಂಟ್ ಬಿದ್ದುಹೋಯಿತು’ ಎಂದು ಮರಳಿ ಬಂದಾಗ ದೂಷಣೆ ಸಾಮಾನ್ಯವಾಗಿ ವಸ್ತುವಿನ ಮೇಲೆಯೇ ಬೀಳುತ್ತದೆ. ಅದು ಮೆತ್ತಗಿನದು, ಅಗ್ಗದ್ದು, ಉಚಿತ ಶಿಬಿರಗಳಿಗೆ ಸಾಕು ಎಂಬ ಮಾತು ದಂತ ಚಿಕಿತ್ಸಾಲಯಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಈ ಅಭಿಪ್ರಾಯ ಪೂರ್ತಿ ಸುಳ್ಳಲ್ಲವಾದರೂ ಸಿಮೆಂಟಿಗೆ ಅನ್ಯಾಯ ಮಾಡುವಂಥದ್ದು. ಈ ಸಿಮೆಂಟ್ ಸೋಲುವುದು ಹೆಚ್ಚಾಗಿ ಎರಡು ಸಂದರ್ಭಗಳಲ್ಲಿ: ಅದು ಹೊರಲಾರದ ಭಾರವನ್ನು ಅದರ ಮೇಲೆ ಹೊರಿಸಿದಾಗ, ಮತ್ತು ಕಲಸಿದ ಮೊದಲ ಕೆಲವು ನಿಮಿಷಗಳಲ್ಲಿ ಅದರೊಳಗಿನ ನೀರಿನ ಲೆಕ್ಕ ತಪ್ಪಿದಾಗ. ಎರಡನೆಯ ಕಾರಣವೇ ಹೆಚ್ಚು ಹಾನಿಕರ, ಏಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ. ದಂತವೈದ್ಯಕೀಯ ವಿದ್ಯಾರ್ಥಿಗಳು, ಸಣ್ಣ ಊರುಗಳಲ್ಲಿ ಹೊಸದಾಗಿ ಚಿಕಿತ್ಸಾಲಯ ತೆರೆದವರು ಮತ್ತು ಅಲ್ಲಿ ಸಿಮೆಂಟ್ ಕಲಸಿಕೊಡುವ ಸಹಾಯಕರನ್ನು ಮನಸ್ಸಿನಲ್ಲಿಟ್ಟುಕೊಂಡು, ಈ ಲೆಕ್ಕವನ್ನು ಕಾಯ್ದುಕೊಳ್ಳುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಗಾಜಿನ ಪುಡಿ, ಆಮ್ಲ ಮತ್ತು ನೀರು

ಲಂಡನ್ನಿನ ಸರ್ಕಾರಿ ರಸಾಯನಜ್ಞರ ಪ್ರಯೋಗಾಲಯದಲ್ಲಿ ಅಲನ್ ವಿಲ್ಸನ್ ಮತ್ತು ಬ್ರಯಾನ್ ಕೆಂಟ್ ಈ ಸಿಮೆಂಟನ್ನು ರೂಪಿಸಿ, 1972ರಲ್ಲಿ ಅದರ ವಿವರಗಳನ್ನು ದಂತವೈದ್ಯರ ಮುಂದಿಟ್ಟರು. ಅದಕ್ಕೂ ಮುಂಚೆ ಮುಂಭಾಗದ ಹಲ್ಲುಗಳಿಗೆ ಬಳಕೆಯಲ್ಲಿದ್ದ ಸಿಲಿಕೇಟ್ ಸಿಮೆಂಟನ್ನು ಗಾಜಿನ ಪುಡಿ ಮತ್ತು ಫಾಸ್ಫಾರಿಕ್ ಆಮ್ಲದಿಂದ ಮಾಡಲಾಗುತ್ತಿತ್ತು. ಅದು ಹುಳುಕು ತಡೆಯಲು ನೆರವಾಗುವ ಫ್ಲೋರೈಡ್ ಬಿಡುತ್ತಿತ್ತಾದರೂ ಹಲ್ಲಿಗೆ ಅಂಟುತ್ತಿರಲಿಲ್ಲ, ಪಲ್ಪನ್ನು (ಹಲ್ಲಿನೊಳಗೆ ನರ, ರಕ್ತನಾಳಗಳಿರುವ ಮೃದು ಭಾಗವನ್ನು) ಕೆರಳಿಸುತ್ತಿತ್ತು, ಬಾಯಲ್ಲಿ ನಿಧಾನವಾಗಿ ಕರಗುತ್ತಿತ್ತು. ಇತ್ತ 1968ರಲ್ಲಿ ಡೆನಿಸ್ ಸ್ಮಿತ್ ರೂಪಿಸಿದ ಜಿಂಕ್ ಪಾಲಿಕಾರ್ಬಾಕ್ಸಿಲೇಟ್ ಸಿಮೆಂಟ್, ಪಾಲಿಅಕ್ರಿಲಿಕ್ ಆಮ್ಲಕ್ಕೆ ಹಲ್ಲಿನ ಕ್ಯಾಲ್ಸಿಯಮ್ಮನ್ನು ಹಿಡಿದುಕೊಳ್ಳುವ ಶಕ್ತಿ ಇದೆಯೆಂದು ತೋರಿಸಿಕೊಟ್ಟಿತ್ತು. ವಿಲ್ಸನ್ ಮತ್ತು ಕೆಂಟ್ ಒಂದರ ಗಾಜನ್ನು ಇನ್ನೊಂದರ ಆಮ್ಲದೊಂದಿಗೆ ಕೂಡಿಸಿದರು. ಪಾಲಿಅಕ್ರಿಲಿಕ್ ಆಮ್ಲವು ಫಾಸ್ಫಾರಿಕ್ ಆಮ್ಲಕ್ಕಿಂತ ದುರ್ಬಲವಾದ್ದರಿಂದ, ಅದು ಕೊರೆಯಬಲ್ಲಂಥ, ಅಲ್ಯೂಮಿನಾ ಹೆಚ್ಚಿರುವ ಗಾಜನ್ನು ಅವರು ಹುಡುಕಿಕೊಳ್ಳಬೇಕಾಯಿತು. ಆಮೇಲೂ ಸಿಮೆಂಟ್ ಗಟ್ಟಿಯಾಗಲು ತಡವಾಗುತ್ತಿತ್ತು. ಸ್ವಲ್ಪ ಟಾರ್ಟಾರಿಕ್ ಆಮ್ಲವನ್ನು ಸೇರಿಸಿದಾಗ ಕೆಲಸಕ್ಕೆ ಸಿಗುವ ಸಮಯವೂ ಹೆಚ್ಚಿತು, ಆ ಸಮಯ ಮುಗಿದ ಮೇಲೆ ಗಟ್ಟಿಯಾಗುವ ವೇಗವೂ ಹೆಚ್ಚಿತು. ಹುಣಸೆಹಣ್ಣಿನ ಹುಳಿಗೆ ಕಾರಣವಾದ ಆಮ್ಲವೂ ಇದೇ.

ಇಂದಿನ ಉತ್ಪನ್ನಗಳಲ್ಲಿ ಪುಡಿಯೆಂದರೆ ಕ್ಯಾಲ್ಸಿಯಂ ಅಥವಾ ಸ್ಟ್ರಾನ್ಷಿಯಂ ಇರುವ ಫ್ಲೋರೊಅಲ್ಯುಮಿನೊಸಿಲಿಕೇಟ್ ಗಾಜು. ದ್ರವವೆಂದರೆ ಪಾಲಿಅಕ್ರಿಲಿಕ್ ಆಮ್ಲ, ಅಥವಾ ಇಟಕಾನಿಕ್, ಮಲೇಯಿಕ್ ಆಮ್ಲಗಳೊಂದಿಗೆ ಅದು ಕೂಡಿದ ಸಹಪಾಲಿಮರ್, ಟಾರ್ಟಾರಿಕ್ ಆಮ್ಲ ಮತ್ತು ನೀರು. ಕೆಲವು ತಯಾರಕರು ಆಮ್ಲವನ್ನು ಒಣಗಿಸಿ ಪುಡಿಯಲ್ಲೇ ಬೆರೆಸಿರುತ್ತಾರೆ. ಅಂಥ ಉತ್ಪನ್ನದ ದ್ರವ ನೀರಿನಷ್ಟೇ ತೆಳ್ಳಗಿರುವುದನ್ನು ಕಂಡು ಅದು ಕೆಟ್ಟಿದೆಯೆಂದು ತಿಳಿಯಬಾರದು.

ಎರಡನ್ನೂ ಕಲಸಿದೊಡನೆ ಆಮ್ಲವು ಗಾಜಿನ ಕಣಗಳ ಹೊರಮೈಯನ್ನು ಕೊರೆಯುತ್ತದೆ. ಮೊದಲು ಕ್ಯಾಲ್ಸಿಯಂ ಅಯಾನುಗಳು ಹೊರಬಂದು ಆಮ್ಲದ ಉದ್ದನೆಯ ಸರಪಳಿಗಳನ್ನು ಒಂದಕ್ಕೊಂದು ಬಿಗಿಯುತ್ತವೆ. ಕೆಲವೇ ನಿಮಿಷಗಳಲ್ಲಿ ಸಿಮೆಂಟ್ ಬಾಯಲ್ಲಿ ನಿಲ್ಲುವಷ್ಟು ಗಟ್ಟಿಯಾಗುತ್ತದೆ. ಆದರೆ ನಿಜವಾದ ಬಲವನ್ನು ಕೊಡುವ ಅಲ್ಯೂಮಿನಿಯಂ ಅಯಾನುಗಳು ನಿಧಾನವಾಗಿ ಬರುತ್ತವೆ. ಅವುಗಳ ಬಂಧ ಮೊದಲ ದಿನವಿಡೀ ಬೆಳೆಯುತ್ತದೆ, ಪಕ್ವವಾಗುವ ಕ್ರಿಯೆ ವಾರಗಳವರೆಗೂ ಸಾಗುತ್ತದೆ. ಈ ಇಡೀ ವ್ಯವಹಾರ ನಡೆಯುವುದು ನೀರಿನಲ್ಲಿ. ಮೊದಲ ನಿಮಿಷಗಳಲ್ಲಿ ಹೊರಗಿನಿಂದ ಜೊಲ್ಲು ಅಥವಾ ನೀರು ಸೇರಿದರೆ ಇನ್ನೂ ಬಂಧಕ್ಕೆ ಸಿಲುಕದ ಅಯಾನುಗಳು ತೊಳೆದುಹೋಗಿ ಹೊರಮೈ ಸುಣ್ಣದಂತೆ ಬೆಳ್ಳಗೆ, ಮೆತ್ತಗೆ ಉಳಿಯುತ್ತದೆ. ಇದಕ್ಕೆ ವಿರುದ್ಧವಾಗಿ ಒಳಗಿನ ನೀರು ಆರಿಹೋದರೆ ಕ್ರಿಯೆಯೇ ನಿಂತು, ಸಿಮೆಂಟ್ ಕುಗ್ಗಿ ಕೂದಲೆಳೆಯ ಬಿರುಕುಗಳು ಮೂಡುತ್ತವೆ. ಹೊಸದಾಗಿ ಗಾರೆ ಬಳಿದ ಗೋಡೆಗೆ ಮೊದಲ ದಿನವೇ ಬಿರುಮಳೆ ಹೊಡೆದರೂ ಕೇಡು, ನೀರುಣಿಸದೆ ಬಿಸಿಲಿಗೆ ಬಿಟ್ಟರೂ ಕೇಡು, ಇಲ್ಲಿಯೂ ಹಾಗೆಯೇ. ಮುಂದೆ ಬರುವ ಬಹುಪಾಲು ಸೂಚನೆಗಳ ಹಿಂದಿರುವ ಕಾರಣ ಇದೊಂದೇ.

ಈ ಸಿಮೆಂಟಿನ ಬಲ ಮತ್ತು ಮಿತಿ

ಮೊದಲನೆಯ ಬಲ ಅಂಟು. ಆಮ್ಲದ ಕಾರ್ಬಾಕ್ಸಿಲ್ ಗುಂಪುಗಳು ಹಲ್ಲಿನ ಖನಿಜವಾದ ಹೈಡ್ರಾಕ್ಸಿಅಪಟೈಟಿನ ಕ್ಯಾಲ್ಸಿಯಮ್ಮಿನೊಂದಿಗೆ ನೇರವಾಗಿ ಬಂಧ ಬೆಳೆಸುತ್ತವೆ. ಹಲ್ಲು ಮತ್ತು ಸಿಮೆಂಟುಗಳ ನಡುವೆ ಎರಡೂ ಕಡೆಯ ಅಯಾನುಗಳು ಬೆರೆತ ತೆಳುವಾದ ಪದರವೊಂದು ಉಂಟಾಗುತ್ತದೆ. ಎಳೆದು ನೋಡುವ ಪ್ರಯೋಗಗಳಲ್ಲಿ ಈ ಬಂಧದ ಅಳತೆ ಕಾಂಪೊಸಿಟ್ (ಹಲ್ಲಿನ ಬಣ್ಣದ, ರೆಸಿನ್ನಿನ ತುಂಬುವ ವಸ್ತು) ಮತ್ತು ಅದನ್ನು ಅಂಟಿಸುವ ಬಾಂಡಿಂಗ್ ದ್ರವದ ಜೋಡಿಗಿಂತ ಬಹಳ ಕಡಿಮೆ ಕಾಣುತ್ತದೆ. ಆದರೆ ಆ ಪ್ರಯೋಗಗಳಲ್ಲಿ ಮುರಿಯುವುದು ಹೆಚ್ಚಾಗಿ ಸಿಮೆಂಟೇ ಹೊರತು ಹಲ್ಲಿನೊಂದಿಗಿನ ಅಂಟಲ್ಲ. ಆದ್ದರಿಂದ ಪ್ರಯೋಗಾಲಯದ ಅಂಕಿ ನೋಡಿ ‘ಇದು ಅಂಟುವುದಿಲ್ಲ’ ಎನ್ನುವುದು ಅವಸರದ ತೀರ್ಮಾನ. ವಸಡಿನಂಚಿನ ಸವಕಳಿಗಳಲ್ಲಿ ವರ್ಷಗಳ ಕಾಲ ಬೀಳದೆ ಉಳಿಯುವ ವಿಷಯದಲ್ಲಿ ಗ್ಲಾಸ್ ಅಯನೋಮರ್ ಬಹಳ ಒಳ್ಳೆಯ ಫಲ ಕೊಟ್ಟಿದೆ. ಅದರ ಉಷ್ಣ ಹಿಗ್ಗುವಿಕೆಯೂ ಹಲ್ಲಿನದಕ್ಕೆ ಸಮೀಪವಾಗಿರುವುದರಿಂದ ಬಿಸಿ ಕಾಫಿ, ತಣ್ಣೀರುಗಳ ನಡುವೆ ಅಂಚುಗಳು ಬಿಟ್ಟುಕೊಳ್ಳುವುದು ಕಡಿಮೆ.

ಎರಡನೆಯದು ಫ್ಲೋರೈಡ್. ಗಾಜನ್ನು ಕರಗಿಸುವಾಗ ಸೇರಿಸಿದ ಫ್ಲೋರೈಡ್ ಮೊದಲ ಒಂದೆರಡು ದಿನ ಹೆಚ್ಚಿನ ಪ್ರಮಾಣದಲ್ಲಿ ಹೊರಬರುತ್ತದೆ. ಅನಂತರ ಅಲ್ಪ ಪ್ರಮಾಣದಲ್ಲಿ ದೀರ್ಘಕಾಲ ಹೊರಬರುತ್ತಲೇ ಇರುತ್ತದೆ. ಫ್ಲೋರೈಡ್ ಇರುವ ಟೂತ್‌ಪೇಸ್ಟ್ ಬಳಸಿದಾಗ ಸಿಮೆಂಟ್ ಅದರಲ್ಲಿ ಸ್ವಲ್ಪವನ್ನು ಹೀರಿಕೊಂಡು ಮತ್ತೆ ಬಿಡುತ್ತದೆ. ಇಷ್ಟರಿಂದಲೇ ಪಕ್ಕದಲ್ಲಿ ಹೊಸ ಹುಳುಕು ಬರುವುದೇ ಇಲ್ಲವೆಂದು ರೋಗಿಗೆ ಭರವಸೆ ಕೊಡುವುದು ಸರಿಯಲ್ಲ. ಇದನ್ನು ಸಹಾಯಕ ಗುಣವೆಂದು ಭಾವಿಸುವುದೇ ಪ್ರಾಮಾಣಿಕ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ, ರಾಯಚೂರು ಮುಂತಾದ ಕಡೆಗಳಲ್ಲಿ ಕೊಳವೆಬಾವಿಯ ನೀರಿನ ಫ್ಲೋರೈಡಿನಿಂದ ಹಲ್ಲು ಕಂದಿದ ಜನರಿದ್ದಾರೆ. ‘ನಮ್ಮ ನೀರಲ್ಲೇ ಬೇಕಾದಷ್ಟಿದೆ, ಇನ್ನು ಸಿಮೆಂಟಿನದೂ ಬೇಕೇ?’ ಎಂದು ಅವರು ಕೇಳಿದರೆ ಆ ಪ್ರಶ್ನೆಯನ್ನು ತಳ್ಳಿಹಾಕಬಾರದು. ಹಲ್ಲಿನ ಫ್ಲೋರೋಸಿಸ್ ಉಂಟಾಗುವುದು ಬಾಲ್ಯದಲ್ಲಿ, ಹಲ್ಲು ದವಡೆಯೊಳಗೆ ರೂಪುಗೊಳ್ಳುತ್ತಿರುವ ವರ್ಷಗಳಲ್ಲಿ, ದಿನವೂ ನುಂಗಿದ ನೀರಿನಿಂದ. ಒಂದು ಫಿಲ್ಲಿಂಗ್ ಬಿಡುವ ಫ್ಲೋರೈಡ್ ಅದಕ್ಕೆ ಹೋಲಿಸಲಾಗದಷ್ಟು ಅಲ್ಪ, ಮತ್ತು ಅದರ ಕೆಲಸ ಹಲ್ಲಿನ ಮೇಲ್ಮೈಗೆ ಸೀಮಿತ.

ಇನ್ನು ಮಿತಿಗಳು. ತುಂಬುವ ಸಿಮೆಂಟಿನ ಒತ್ತುಬಲ ಕನಿಷ್ಠ 100 ಮೆಗಾಪಾಸ್ಕಲ್ ಇರಬೇಕೆಂದು ಐಎಸ್‌ಒ 9917-1 ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ; ಒಳ್ಳೆಯ ಉತ್ಪನ್ನಗಳು ಅದನ್ನು ಸುಲಭವಾಗಿ ದಾಟುತ್ತವೆ. ತೊಂದರೆ ಇರುವುದು ಬಾಗುಬಲದಲ್ಲಿ ಮತ್ತು ಸವೆತದಲ್ಲಿ. ಎರಡು ಕಡೆ ಆಧಾರವಿಲ್ಲದೆ ಚಾಚಿಕೊಂಡಿರುವ ಸಿಮೆಂಟ್ ಮುರಿಯುತ್ತದೆ. ಅಗಿಯುವ ಮೈಯಲ್ಲಿ ನಿಧಾನವಾಗಿ ತಗ್ಗುತ್ತದೆ. ಹೊಳಪಿನಲ್ಲಿಯೂ ಪಾರದರ್ಶಕತೆಯಲ್ಲಿಯೂ ಅದು ಕಾಂಪೊಸಿಟ್‌ಗೆ ಸಾಟಿಯಲ್ಲ.

ಹಾಗಾಗಿ ಜಾಗದ ಆಯ್ಕೆಯೇ ಅರ್ಧ ಚಿಕಿತ್ಸೆ. ಗಟ್ಟಿ ಬ್ರಷ್ಷಿನಿಂದ ಅಡ್ಡಡ್ಡ ಉಜ್ಜಿ, ಅಥವಾ ಇದ್ದಿಲು, ಇಟ್ಟಿಗೆಪುಡಿ ಹಾಕಿ ತಿಕ್ಕಿ ವಸಡಿನಂಚಿನಲ್ಲಿ ತೋಡಿಕೊಂಡ ಹಲ್ಲುಗಳು, ವಸಡು ಇಳಿದ ವೃದ್ಧರ ಬೇರಿನ ಹುಳುಕು, ಮಕ್ಕಳ ಹಾಲುಹಲ್ಲುಗಳ ಸಣ್ಣ ಹುಳುಕು, ಪೂರ್ತಿ ಮೂಡದೆ ಅರ್ಧ ವಸಡಿನಡಿಯಿರುವ ಶಾಶ್ವತ ದವಡೆಹಲ್ಲಿನ ಸೀಳುಗಳು: ಇವು ಗ್ಲಾಸ್ ಅಯನೋಮರಿನ ಸ್ವಂತ ಕ್ಷೇತ್ರ. ಈ ಜಾಗಗಳಲ್ಲಿ ಪೂರ್ತಿ ಒಣಗಿಸಲು ಸಾಧ್ಯವಾಗದ್ದರಿಂದ ಕಾಂಪೊಸಿಟ್ ಸೋಲುತ್ತದೆ. ಶಾಶ್ವತ ದವಡೆಹಲ್ಲಿನ ದೊಡ್ಡ ಪಕ್ಕದ ಕುಳಿ, ಅಗಿಯುವ ಮೈಯ ಮುರಿದ ಶಿಖರ (ಉಬ್ಬಿದ ಮೊನೆ), ಮುಂಭಾಗದ ಹಲ್ಲಿನ ಕಚ್ಚುವ ಅಂಚು, ಹಲ್ಲು ಕಡಿಯುವ ಅಭ್ಯಾಸವಿರುವವರ ಅಗಿಯುವ ಮೈ ಇವುಗಳಿಗೆ ಅದನ್ನು ಅಂತಿಮ ತುಂಬಿಕೆಯಾಗಿ ಬಳಸಬಾರದು. ಬಾಯಿಯಿಂದ ಉಸಿರಾಡುವವರ ಮುಂಭಾಗದ ಹಲ್ಲುಗಳಲ್ಲಿಯೂ ಅದು ಒಣಗಿ ಬಿರಿಯುವ ಸಂಭವವಿದೆ.

ಕಲಸುವ ಕ್ರಮ

ಈ ಕೆಲಸವನ್ನು ಸಾಮಾನ್ಯವಾಗಿ ಸಹಾಯಕರಿಗೆ ಒಪ್ಪಿಸಲಾಗುತ್ತದೆ, ಆದರೆ ಅವರಿಗೆ ಅದನ್ನು ಕಲಿಸುವವರು ಕಡಿಮೆ. ಇಡೀ ಚಿಕಿತ್ಸೆಯ ಭವಿಷ್ಯ ನಿರ್ಧಾರವಾಗುವ ಅರ್ಧ ನಿಮಿಷ ಇದೇ ಆದ್ದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುವುದು ಅಗತ್ಯ.

ಪುಡಿಯ ಬಾಟಲಿಯನ್ನು ಮುಚ್ಚಳ ತೆಗೆಯುವ ಮುನ್ನ ಮೃದುವಾಗಿ ತಟ್ಟಿ, ತಿರುಗಿಸಿ ಸಡಿಲಗೊಳಿಸಬೇಕು; ತಳದಲ್ಲಿ ಒತ್ತೊತ್ತಾಗಿ ಕೂತ ಪುಡಿಯ ಒಂದು ಚಮಚಕ್ಕೂ ಸಡಿಲವಾದ ಪುಡಿಯ ಒಂದು ಚಮಚಕ್ಕೂ ತೂಕದಲ್ಲಿ ವ್ಯತ್ಯಾಸವಿದೆ. ಆ ಪೆಟ್ಟಿಗೆಯಲ್ಲಿ ಬಂದ ಚಮಚವನ್ನೇ ಬಳಸಿ, ಬಾಟಲಿಯ ಬಾಯಿಯಲ್ಲಿರುವ ಪಟ್ಟಿಗೆ ಸವರಿ ಸಮ ಮಾಡಬೇಕು. ಬೇರೆ ಕಂಪನಿಯ ಚಮಚ ನೋಡಲು ಒಂದೇ ತೆರನಾಗಿದ್ದರೂ ಅಳತೆ ಒಂದೇ ಆಗಿರುವುದಿಲ್ಲ. ದ್ರವದ ಬಾಟಲಿಯನ್ನು ಮೊದಲು ಅಡ್ಡ ಹಿಡಿದು, ಆಮೇಲೆ ಪೂರ್ತಿ ನೆಟ್ಟಗೆ ತಲೆಕೆಳಗು ಮಾಡಿ, ಗಾಳಿಗುಳ್ಳೆ ಮೇಲೇರಿದ ಬಳಿಕ ಒಂದು ಹನಿ ಬಿಡಬೇಕು. ಓರೆಯಾಗಿ ಹಿಡಿದರೆ ಹನಿಯ ಗಾತ್ರ ಬದಲಾಗುತ್ತದೆ. ಕಲಸಲು ಸಿದ್ಧವಾಗುವವರೆಗೆ ದ್ರವವನ್ನು ಪ್ಯಾಡಿನ ಮೇಲೆ ಬಿಟ್ಟಿರಬಾರದು, ಅದರ ನೀರು ಆರುತ್ತದೆ. ದ್ರವದ ಬಾಟಲಿಯನ್ನು ಫ್ರಿಜ್ಜಿನಲ್ಲಿ ಇಡುವುದೂ ಬೇಡ, ಅದು ಗಂಜಿಯಂತೆ ಮಂದವಾಗುತ್ತದೆ.

ಪುಡಿ ಮತ್ತು ದ್ರವದ ಪ್ರಮಾಣ ಬಳಕೆಗೆ ತಕ್ಕಂತೆ ಬೇರೆ. ಕ್ಯಾಪ್ ಅಂಟಿಸುವ ಸಿಮೆಂಟಿನಲ್ಲಿ ತೂಕದಿಂದ ಸುಮಾರು 1.8ಕ್ಕೆ 1, ತುಂಬುವ ಸಿಮೆಂಟಿನಲ್ಲಿ ಸುಮಾರು 2.7ಕ್ಕೆ 1, ಮಂದ ಬಗೆಯ ಸಿಮೆಂಟಿನಲ್ಲಿ 3ಕ್ಕಿಂತ ಹೆಚ್ಚಿಗೆ 1. ಕೈಗೆ ಸುಲಭವಾಗಲೆಂದು ದ್ರವ ಹೆಚ್ಚಿಸಿದರೆ ಬಲ ಕುಗ್ಗುತ್ತದೆ, ಕರಗುವಿಕೆ ಹೆಚ್ಚುತ್ತದೆ. ಪುಡಿ ಹೆಚ್ಚಿಸಿದರೆ ಹಲ್ಲನ್ನು ಹಿಡಿಯಲು ಬೇಕಾದ ಆಮ್ಲವೇ ಉಳಿಯುವುದಿಲ್ಲ. ಅಂಥ ತುಂಬಿಕೆ ಗಟ್ಟಿಯಾಗಿದ್ದರೂ ಇಡೀ ತುಂಡಾಗಿ ಕಳಚಿ ಬೀಳುತ್ತದೆ. ಚೂರುಚೂರಾಗಿ ಸವೆದದ್ದಕ್ಕೂ ಇಡಿಯಾಗಿ ಕಳಚಿದ್ದಕ್ಕೂ ಕಾರಣ ಬೇರೆಯೆಂಬುದನ್ನು, ರೋಗಿ ಕೈಯಲ್ಲಿ ಹಿಡಿದು ತಂದ ತುಂಡನ್ನು ನೋಡಿಯೇ ಊಹಿಸಬಹುದು.

ಕಲಸಲು ಕಾಗದದ ಪ್ಯಾಡ್ ಅಥವಾ ಗಾಜಿನ ಸ್ಲ್ಯಾಬ್, ಮತ್ತು ಪ್ಲಾಸ್ಟಿಕ್ ಅಥವಾ ಅಗೇಟ್ ಸ್ಪ್ಯಾಚುಲಾ ಇರಲಿ. ಗಾಜಿನ ಪುಡಿ ಸ್ಟೀಲನ್ನು ಸವೆಸಿ ಸಿಮೆಂಟಿಗೆ ಬೂದು ಬಣ್ಣ ತರುತ್ತದೆ. ಪುಡಿಯನ್ನು ಎರಡು ಭಾಗ ಮಾಡಿ, ಮೊದಲ ಭಾಗವನ್ನು ಒಟ್ಟಿಗೆ ದ್ರವಕ್ಕೆ ತಂದು ಹತ್ತು ಸೆಕೆಂಡು ಮಡಚಿ ಮಡಚಿ ಕಲಸಬೇಕು, ಆಮೇಲೆ ಉಳಿದದ್ದನ್ನು ಸೇರಿಸಬೇಕು. ಚಿಕ್ಕ ಜಾಗದಲ್ಲೇ ಕಲಸಬೇಕು; ಪ್ಯಾಡಿನ ತುಂಬ ಹರಡಿ ಅರೆಯುವುದು ಹಳೆಯ ಜಿಂಕ್ ಫಾಸ್ಫೇಟ್ ಸಿಮೆಂಟಿನ ಕಾಲದ ರೂಢಿ, ಇಲ್ಲಿ ಅದು ಈಗಷ್ಟೇ ಉಂಟಾಗುತ್ತಿರುವ ಜಾಲವನ್ನು ಹರಿದುಹಾಕುತ್ತದೆ. ಒಟ್ಟು 30ರಿಂದ 40 ಸೆಕೆಂಡಿನಲ್ಲಿ ಮುಗಿಯಬೇಕು. ಮುಗಿದಾಗ ಮೇಲ್ಮೈ ಒದ್ದೆಯಾದಂತೆ ಹೊಳೆಯುತ್ತಿರಬೇಕು. ಆ ಹೊಳಪೇ ಹಲ್ಲಿಗೆ ಅಂಟಲು ಇನ್ನೂ ಸ್ವತಂತ್ರವಾಗಿರುವ ಆಮ್ಲದ ಗುರುತು. ಹೊಳಪು ಆರಿ ಮಂಕಾದ ಸಿಮೆಂಟನ್ನು, ಎಷ್ಟೇ ನಷ್ಟವೆನಿಸಿದರೂ, ಎಸೆದು ಹೊಸದಾಗಿ ಕಲಸಬೇಕು. ನೀರೋ ಹೆಚ್ಚುವರಿ ದ್ರವವೋ ಹಾಕಿ ಅದನ್ನು ಮತ್ತೆ ಮೆದು ಮಾಡುವುದು ಯಾವ ಕಾರಣಕ್ಕೂ ಸಲ್ಲದು.

ತಯಾರಕರು ಹೇಳುವ ಸುಮಾರು ಎರಡು ನಿಮಿಷಗಳ ಕೆಲಸದ ಸಮಯ 23 ಡಿಗ್ರಿ ಸೆಲ್ಸಿಯಸ್ ಕೋಣೆಗೆ ಅನ್ವಯಿಸುವಂಥದ್ದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನಲ್ಲಿ ವಿದ್ಯುತ್ ಹೋದ ಮಧ್ಯಾಹ್ನ ಅಷ್ಟು ಸಮಯ ಸಿಗುವುದಿಲ್ಲ. ಅಂಥಲ್ಲಿ ಗಾಜಿನ ಸ್ಲ್ಯಾಬನ್ನು ತಣಿಸಿ ಅದರ ಮೇಲೆ ಕಲಸುವುದು ಉಪಯುಕ್ತ. ಇದೇ ಉಪಾಯವನ್ನು ಮಂಗಳೂರು, ಕಾರವಾರದ ತೇವದ ಗಾಳಿಯಲ್ಲಿ ಕುರುಡಾಗಿ ಅನುಸರಿಸಿದರೆ ತಣ್ಣನೆಯ ಗಾಜಿನ ಮೇಲೆ ಹನಿ ಕಟ್ಟಿ ಆ ನೀರು ಸಿಮೆಂಟಿಗೆ ಸೇರುತ್ತದೆ. ಕರಾವಳಿಯಲ್ಲಿ ಪುಡಿಯ ಬಾಟಲಿಯ ಮುಚ್ಚಳವನ್ನು ಚಮಚ ತೆಗೆದ ಮರುಕ್ಷಣವೇ ಬಿಗಿಯುವ ಅಭ್ಯಾಸವೂ ಬೇಕು. ಖರ್ಚು ತಾಳಬಲ್ಲವರಿಗೆ ಕ್ಯಾಪ್ಸೂಲ್ ಬಗೆಯೇ ಲೇಸು: ಪ್ರಮಾಣ ಮೊದಲೇ ನಿಗದಿಯಾಗಿರುತ್ತದೆ, ಯಂತ್ರ ಸುಮಾರು ಹತ್ತು ಸೆಕೆಂಡಿನಲ್ಲಿ ಕಲಸಿಕೊಡುತ್ತದೆ, ನೇರವಾಗಿ ಕುಳಿಯ ತಳಕ್ಕೇ ಚುಚ್ಚಿ ತುಂಬಬಹುದು.

ವಸಡಿನಂಚಿನ ಸವಕಳಿಯನ್ನು ತುಂಬುವುದು

ಸವೆದ ಜಾಗದ ಡೆಂಟಿನ್ (ಎನಾಮಲ್ ಎಂಬ ಗಟ್ಟಿ ಹೊರಪದರದ ಒಳಗಿರುವ ಹಲ್ಲಿನ ಭಾಗ) ನಯವಾಗಿ, ಗಾಜಿನಂತೆ ಹೊಳೆಯುತ್ತಿರುತ್ತದೆ. ಅದರ ಮೇಲಿನ ಕೊಳೆಯನ್ನು ಎಣ್ಣೆಯಂಶವಿಲ್ಲದ ಪ್ಯೂಮಿಸ್ ಪುಡಿಯಿಂದ ಉಜ್ಜಿ ತೆಗೆಯಬೇಕು. ಇಂಥಲ್ಲಿ ಡ್ರಿಲ್ ಹಾಕಿ ಹಿಡಿತಕ್ಕೆಂದು ಕೊರೆಯುವ ಅಗತ್ಯವಿಲ್ಲ. ಅಂಟುವ ವಸ್ತುವಿಗಾಗಿ ಒಳ್ಳೆಯ ಹಲ್ಲನ್ನು ಕಳೆಯುವುದರಲ್ಲಿ ಅರ್ಥವಿಲ್ಲ. ವಸಡಿನಿಂದ ರಕ್ತ ಜಿನುಗುತ್ತಿದ್ದರೆ ಮೊದಲು ಹಲ್ಲು ಶುಚಿಗೊಳಿಸಿ ವಸಡು ವಾಸಿಯಾಗಲು ಒಂದು ವಾರ ಕೊಟ್ಟು ಕರೆಸಿಕೊಳ್ಳುವುದೇ ಮೇಲು. ನಡೆದೇ ತೀರಬೇಕಾದರೆ ರಿಟ್ರ್ಯಾಕ್ಷನ್ ಕಾರ್ಡ್ ಇಟ್ಟು ವಸಡನ್ನು ಸರಿಸಬೇಕು.

ಬಳಿಕ ಹತ್ತಿಯ ರೋಲ್‌ಗಳನ್ನಿಟ್ಟು, 10ರಿಂದ 20 ಶೇಕಡಾ ಪಾಲಿಅಕ್ರಿಲಿಕ್ ಆಮ್ಲದ ಕಂಡೀಷನರನ್ನು 10ರಿಂದ 20 ಸೆಕೆಂಡು ಸವರಬೇಕು; ಪ್ರಬಲ ದ್ರಾವಣಕ್ಕೆ ಕಡಿಮೆ ಸಮಯ, ಸೌಮ್ಯ ದ್ರಾವಣಕ್ಕೆ ಹೆಚ್ಚು. ಅದರ ಕೆಲಸ ಮೇಲಿನ ಕೊಳೆಪದರವನ್ನು ತೆಗೆಯುವುದು ಮಾತ್ರ. ಕಾಂಪೊಸಿಟ್‌ಗೆ ಬಳಸುವ 37 ಶೇಕಡಾ ಫಾಸ್ಫಾರಿಕ್ ಆಮ್ಲದ ಜೆಲ್ ಕೈಗೆ ಸಿಕ್ಕಿತೆಂದು ಅದನ್ನೇ ಹಚ್ಚಬಾರದು. ಅದು ಯಾವ ಕ್ಯಾಲ್ಸಿಯಮ್ಮನ್ನು ನಂಬಿ ಸಿಮೆಂಟ್ ಅಂಟಬೇಕೋ ಅದನ್ನೇ ಡೆಂಟಿನಿನಿಂದ ಕಿತ್ತುಹಾಕುತ್ತದೆ. ತೊಳೆದ ಮೇಲೆ ಒಣಗಿಸುವ ಹದ ಮುಖ್ಯ. ನೀರು ನಿಂತಿರಬಾರದು, ಆದರೆ ಡೆಂಟಿನ್ ಸುಣ್ಣದಂತೆ ಬಿಳಿಚಿಕೊಳ್ಳಲೂಬಾರದು. ಗಾಳಿಯ ಸಿರಿಂಜನ್ನು ದೂರದಿಂದ ಒಂದೆರಡು ಕ್ಷಣ ಬಿಟ್ಟು, ಉಳಿದುದನ್ನು ಹತ್ತಿಯ ಉಂಡೆಯಿಂದ ಒತ್ತಿ ತೆಗೆದರೆ ಸಾಕು.

ಸಿಮೆಂಟನ್ನು ಒಂದೇ ಸಲ, ಸ್ವಲ್ಪ ಹೆಚ್ಚಾಗಿಯೇ ತುಂಬಿ, ವಸಡಿನ ಬಾಗಿಗೆ ಹೊಂದುವ ಸರ್ವೈಕಲ್ ಮ್ಯಾಟ್ರಿಕ್ಸ್ ಅಥವಾ ಪಾರದರ್ಶಕ ಪಟ್ಟಿಯನ್ನು ಒತ್ತಿ ಅಲುಗಾಡದಂತೆ ಹಿಡಿಯಬೇಕು. ಪಟ್ಟಿಯಡಿ ಗಟ್ಟಿಯಾದ ಮೈಗಿಂತ ನಯವಾದ ಮೈ ಯಾವ ಪಾಲಿಷಿನಿಂದಲೂ ಬಾರದು. ಪಟ್ಟಿ ತೆಗೆದೊಡನೆ, ಅಂಚು ಕತ್ತರಿಸುವುದಕ್ಕೂ ಮೊದಲು, ವಾರ್ನಿಷ್ ಅಥವಾ ಬೆಳಕಿನಿಂದ ಗಟ್ಟಿಯಾಗುವ ರೆಸಿನ್ ಲೇಪವನ್ನು ಬಳಿಯಬೇಕು. ಹೆಚ್ಚಾದದ್ದನ್ನು ಹರಿತವಾದ ಕಾರ್ವರಿನಿಂದ ಸಿಮೆಂಟಿನಿಂದ ಹಲ್ಲಿನ ಕಡೆಗೆ ಕೆತ್ತಿ, ಕೆತ್ತಿದ ಜಾಗಕ್ಕೆ ಮತ್ತೆ ಲೇಪ ಕೊಡಬೇಕು. ವ್ಯಾಸಲೀನ್ ಏನೂ ಇಲ್ಲದ್ದಕ್ಕಿಂತ ವಾಸಿ, ಆದರೆ ನಾಲಿಗೆ ತುಟಿಗಳ ಓಡಾಟಕ್ಕೆ ಬೇಗ ಅಳಿಸಿಹೋಗುತ್ತದೆ. ತಿರುಗುವ ಉಪಕರಣಗಳಿಂದ ಪಾಲಿಷ್ ಮಾಡುವುದಿದ್ದರೆ 24 ಗಂಟೆ ಕಳೆದ ಮೇಲೆ, ನೀರು ಸಿಂಪಡಿಸುತ್ತಲೇ ಮಾಡಬೇಕು. ಬೇಗ ಪಕ್ವವಾಗುವ ಇತ್ತೀಚಿನ ಉತ್ಪನ್ನಗಳಲ್ಲಿ ತಯಾರಕರು ಅದೇ ದಿನ ಅನುಮತಿಸಿರುತ್ತಾರೆ. ಇಷ್ಟೆಲ್ಲ ಮಾಡಿಯೂ ಹಲ್ಲುಜ್ಜುವ ಕ್ರಮವನ್ನು ರೋಗಿಗೆ ತೋರಿಸಿಕೊಡದಿದ್ದರೆ ಮುಂದೆ ಸವೆಯುವುದು ಸಿಮೆಂಟ್.

ಡ್ರಿಲ್ ಇಲ್ಲದೆ ಕೈ ಉಪಕರಣಗಳಿಂದ

1980ರ ದಶಕದ ನಡುವಿನಲ್ಲಿ ಟಾಂಜಾನಿಯಾದಲ್ಲಿ ಯೋ ಫ್ರೆಂಕನ್ ಆರಂಭಿಸಿದ, ಕೈ ಉಪಕರಣಗಳಿಂದಷ್ಟೇ ಹುಳುಕು ತೆಗೆದು ತುಂಬುವ ಎಆರ್‌ಟಿ ವಿಧಾನವನ್ನು ವಿಶ್ವ ಆರೋಗ್ಯ ಸಂಸ್ಥೆ 1994ರ ವಿಶ್ವ ಆರೋಗ್ಯ ದಿನದಂದು ಜಗತ್ತಿನ ಮುಂದಿಟ್ಟಿತು. ಅದೇ ಸಂಸ್ಥೆ 2021ರಲ್ಲಿ ಗ್ಲಾಸ್ ಅಯನೋಮರ್ ಸಿಮೆಂಟನ್ನು ಅತ್ಯಗತ್ಯ ಔಷಧಗಳ ಪಟ್ಟಿಗೂ ಸೇರಿಸಿತು. ಪಾದರಸದ ಬಳಕೆ ತಗ್ಗಿಸುವ ಮಿನಮಾಟಾ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿರುವುದರಿಂದ, ಪಾದರಸ ಬೆರೆತ ತುಂಬಿಕೆಯಾದ ಅಮಾಲ್ಗಂ ಹಿಂದೆ ಸರಿದಂತೆ ಈ ಸಿಮೆಂಟಿನ ಮೇಲಿನ ಹೊಣೆ ಇನ್ನಷ್ಟು ಹೆಚ್ಚಲಿದೆ. ಶಾಲಾ ಶಿಬಿರಗಳಲ್ಲಿ, ಹಾಸಿಗೆ ಹಿಡಿದ ವೃದ್ಧರ ಮನೆಗಳಲ್ಲಿ, ಡ್ರಿಲ್ಲಿನ ಸದ್ದಿಗೇ ಅಳುವ ಮಕ್ಕಳಲ್ಲಿ ಇದಕ್ಕೆ ಸಮನಾದ ವಿಧಾನ ಬೇರೊಂದಿಲ್ಲ.

ಕುಳಿಯ ಬಾಯಿ ಕಿರಿದಾಗಿದ್ದರೆ ಹ್ಯಾಚೆಟ್ ಉಪಕರಣದ ತುದಿಯನ್ನು ತಿರುಗಿಸುತ್ತ, ಆಧಾರವಿಲ್ಲದ ಎನಾಮಲ್ ಅಂಚನ್ನು ಮುರಿದು ಬಾಯಿ ದೊಡ್ಡದು ಮಾಡಬೇಕು. ಅನಂತರ ಚಮಚದಾಕಾರದ ಎಕ್ಸ್‌ಕವೇಟರಿನಿಂದ ಮೆದು ಡೆಂಟಿನನ್ನು ಕೆರೆಯಬೇಕು. ಇಲ್ಲಿನ ಅನುಕ್ರಮವನ್ನು ಮರೆಯಬಾರದು: ಮೊದಲು ಎನಾಮಲ್ ಮತ್ತು ಡೆಂಟಿನ್ ಕೂಡುವ ಸುತ್ತಿನ ಅಂಚು, ಆಮೇಲೆ ತಳ. ಅಂಚು ಸುತ್ತಲೂ ಗಟ್ಟಿಯಾಗಿ, ಶುಚಿಯಾಗಿದ್ದರೆ ಸಿಮೆಂಟ್ ಅಲ್ಲಿ ಮುಚ್ಚಳದಂತೆ ಬಿಗಿಯುತ್ತದೆ. ಪಲ್ಪಿನ ಸಮೀಪದಲ್ಲಿ ಸ್ವಲ್ಪ ಮೆದು ಡೆಂಟಿನ್ ಉಳಿದರೂ ಅದನ್ನು ಹಠಹಿಡಿದು ಕೆರೆದು ಪಲ್ಪ್ ತೆರೆಯುವುದಕ್ಕಿಂತ ಬಿಟ್ಟುಬಿಡುವುದು ಜಾಣತನ. ಮೇಲಿನಿಂದ ಆಹಾರ ಸಿಗದ ರೋಗಾಣುಗಳು ಅಲ್ಲಿ ಮುಂದುವರಿಯಲಾರವು. ತಾನಾಗಿ ನೋಯುವ, ರಾತ್ರಿ ನಿದ್ದೆ ಕೆಡಿಸುವ, ಕೀವು ಕಟ್ಟಿದ ಹಲ್ಲಿಗೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ. ಅಂಥದ್ದನ್ನು ಸಿಮೆಂಟ್ ಹಾಕಿ ಮುಚ್ಚುವುದು ತಪ್ಪು.

ಕಂಡೀಷನರ್ ಸವರಿ, ಒದ್ದೆ ಹತ್ತಿಯಿಂದ ಎರಡು ಮೂರು ಸಲ ತೊಳೆದು, ಒಣ ಹತ್ತಿಯಿಂದ ಒತ್ತಿ, ಮಂದವಾಗಿ ಕಲಸಿದ ಸಿಮೆಂಟನ್ನು ಮೂಲೆಮೂಲೆಗೂ ತುಂಬಿ, ಅಕ್ಕಪಕ್ಕದ ಸೀಳುಗಳ ಮೇಲೂ ಹರಡಬೇಕು. ಕೈಗವಸಿನ ತೋರುಬೆರಳಿಗೆ ತೆಳುವಾಗಿ ವ್ಯಾಸಲೀನ್ ಹಚ್ಚಿ ಸುಮಾರು ಅರ್ಧ ನಿಮಿಷ ಗಟ್ಟಿಯಾಗಿ ಒತ್ತಿ, ಬೆರಳನ್ನು ಮೇಲಕ್ಕೆ ಕೀಳದೆ ಪಕ್ಕಕ್ಕೆ ಜಾರಿಸಬೇಕು. ಪಕ್ಕಗಳಿಗೆ ಉಕ್ಕಿದ್ದನ್ನು ತೆಗೆದು, ಕಚ್ಚುವ ಮಟ್ಟ ನೋಡಿ ಸರಿಪಡಿಸಿ, ಲೇಪ ಬಳಿಯಬೇಕು. ಒಂದು ಗಂಟೆ ಏನೂ ತಿನ್ನಬಾರದೆಂದೂ, ಆ ದಿನ ಆ ಪಕ್ಕದಲ್ಲಿ ಚಕ್ಕುಲಿ, ಹುರಿಗಾಳು, ಅಡಿಕೆ ಅಗಿಯಬಾರದೆಂದೂ ಮಗುವಿಗಷ್ಟೇ ಅಲ್ಲ, ಜೊತೆಗೆ ಬಂದ ದೊಡ್ಡವರಿಗೂ ಹೇಳಬೇಕು.

ಕ್ಯಾಪ್ ಅಂಟಿಸುವಾಗ

ಅಂಟಿಸುವ ಸಿಮೆಂಟಿನ ಪದರ 25 ಮೈಕ್ರೋಮೀಟರ್ ಮೀರಬಾರದಾದ್ದರಿಂದ ಅದರ ಪುಡಿಯನ್ನು ನುಣ್ಣಗೆ ಅರೆದಿರುತ್ತಾರೆ. ತುಂಬುವ ಸಿಮೆಂಟನ್ನೇ ತೆಳ್ಳಗೆ ಕಲಸಿ ಕ್ಯಾಪ್ ಕೂರಿಸಿದರೆ ಕ್ಯಾಪ್ ಎತ್ತರವಾಗಿ ನಿಲ್ಲುತ್ತದೆ. ಲೋಹದ, ಲೋಹದ ಮೇಲೆ ಸೆರಾಮಿಕ್ ಇರುವ ಮತ್ತು ಜಿರ್ಕೋನಿಯಾ ಕ್ಯಾಪ್‌ಗಳಿಗೆ, ಹಲ್ಲಿನ ಬುಡ ಸಾಕಷ್ಟು ಎತ್ತರವಾಗಿದ್ದರೆ, ಇದು ಚೆನ್ನಾಗಿ ಒಪ್ಪುತ್ತದೆ. ತೆಳುವಾದ ಸೆರಾಮಿಕ್ ವೆನೀರ್‌ಗಳಿಗೆ ಒಪ್ಪುವುದಿಲ್ಲ. ಕ್ಯಾಪಿನ ಒಳಗೋಡೆಗಳಿಗೆ ತೆಳುವಾಗಿ ಬಳಿಯಬೇಕೇ ಹೊರತು ತುಂಬಬಾರದು. ಅಂಟಿಸಿದ ಮೇಲೆ ಕೆಲವು ದಿನ ಹಲ್ಲು ಜುಮ್ಮೆನ್ನುತ್ತದೆಂಬ ದೂರಿಗೆ ಬಹುಮಟ್ಟಿಗೆ ಕಾರಣ ಹಲ್ಲನ್ನು ಅತಿಯಾಗಿ ಒಣಗಿಸಿದ್ದು ಮತ್ತು ಸಿಮೆಂಟನ್ನು ನೀರಾಗಿ ಕಲಸಿದ್ದು. ಅಂಚಿನಲ್ಲಿ ಹೊರಬಂದ ಸಾಮಾನ್ಯ ಗ್ಲಾಸ್ ಅಯನೋಮರನ್ನು ಪೂರ್ತಿ ಗಟ್ಟಿಯಾಗುವವರೆಗೆ ತೆಗೆಯಬಾರದು, ಅದೇ ಒಳಗಿನ ಎಳೆಯ ಸಿಮೆಂಟಿಗೆ ಜೊಲ್ಲಿನಿಂದ ರಕ್ಷಣೆ. ತೆಗೆದ ಮೇಲೆ ಅಂಚಿಗೆ ಲೇಪ ಬೇಕು. ರೆಸಿನ್ ಸೇರಿದ ಬಗೆಯಲ್ಲಾದರೆ ಇದಕ್ಕೆ ವಿರುದ್ಧ: ರಬ್ಬರಿನ ಹದದಲ್ಲಿರುವಾಗಲೇ ತೆಗೆಯದಿದ್ದರೆ ಆಮೇಲೆ ಕೀಳುವುದೇ ಕಷ್ಟ.

ಮಕ್ಕಳ ಹಾಲು ದವಡೆಹಲ್ಲಿಗೆ ಸ್ಟೀಲ್ ಕ್ಯಾಪನ್ನು ಕೊರೆಯದೆಯೇ ಕೂರಿಸುವ, ಸ್ಕಾಟ್ಲೆಂಡಿನ ದಂತವೈದ್ಯೆ ನೋರ್ನಾ ಹಾಲ್ ಅವರ ಹೆಸರಿನ ವಿಧಾನಕ್ಕೂ, ಹಲ್ಲಿಗೆ ತಂತಿ ಹಾಕುವಾಗಿನ ಬ್ಯಾಂಡ್‌ಗಳಿಗೂ ಈ ಸಿಮೆಂಟೇ ಆಧಾರ.

ರೆಸಿನ್ ಸೇರಿದ ಬಗೆ ಮತ್ತು ಎರಡು ಪದರದ ತುಂಬಿಕೆ

ಸಾಮಾನ್ಯ ಸಿಮೆಂಟಿಗೆ ಹೇಮಾ ಎಂಬ ರೆಸಿನ್ ಸೇರಿಸಿ, ಬೆಳಕು ಬಿದ್ದೊಡನೆ ಗಟ್ಟಿಯಾಗುವಂತೆ ಮಾಡಿದ ಬಗೆ 1980ರ ದಶಕದ ಕೊನೆಯಿಂದ ಬಳಕೆಯಲ್ಲಿದೆ. ಬಾಗುಬಲ, ಬಣ್ಣ, ಜೊಲ್ಲನ್ನು ತಾಳುವ ಶಕ್ತಿ ಎಲ್ಲದರಲ್ಲೂ ಅದು ಮೇಲು. ಬೆಳಕು ಒಳಹೊಗುವ ಮಿತಿಯಿಂದಾಗಿ ಸುಮಾರು 2 ಮಿಲಿಮೀಟರ್ ಪದರಗಳಲ್ಲಿ ಹಾಕಬೇಕು. ಹೇಮಾ ಕೈಗವಸನ್ನೂ ದಾಟಿ ಚರ್ಮಕ್ಕೆ ಅಲರ್ಜಿ ತರಬಲ್ಲದಾದ್ದರಿಂದ ಇದನ್ನು ಬೆರಳಿನಿಂದ ಮುಟ್ಟಿ ಒತ್ತುವ ಅಭ್ಯಾಸ ಬೇಡ. ಮಾರಾಟಗಾರರು ಕಾಂಪೊಸಿಟಿಗೆ ಹತ್ತಿರವಾದ ಕಾಂಪೊಮರ್ ಎಂಬುದನ್ನೂ ಕೆಲವೊಮ್ಮೆ ಗ್ಲಾಸ್ ಅಯನೋಮರಿನ ಸಾಲಿಗೇ ಸೇರಿಸಿ ತೋರಿಸುತ್ತಾರೆ. ಅದರಲ್ಲಿ ನೀರಿಲ್ಲ, ತಾನಾಗಿ ಹಲ್ಲಿಗೆ ಅಂಟುವುದೂ ಇಲ್ಲ. ಕತ್ತಲೆಯಲ್ಲಿಟ್ಟರೂ ಆಮ್ಲ ಮತ್ತು ಗಾಜಿನ ಕ್ರಿಯೆಯಿಂದ ಗಟ್ಟಿಯಾಗಬಲ್ಲದ್ದು ಮಾತ್ರ ನಿಜವಾದ ಗ್ಲಾಸ್ ಅಯನೋಮರ್.

ಡೆಂಟಿನ್ ಇರಬೇಕಾದ ಜಾಗದಲ್ಲಿ ಗ್ಲಾಸ್ ಅಯನೋಮರ್, ಎನಾಮಲ್ ಇರಬೇಕಾದ ಜಾಗದಲ್ಲಿ ಕಾಂಪೊಸಿಟ್ ಹಾಕುವ ಸ್ಯಾಂಡ್‌ವಿಚ್ ವಿಧಾನವನ್ನು ಬ್ರಿಟನ್ನಿನ ಜಾನ್ ಮೆಕ್ಲೀನ್ ಮತ್ತು ಅವರ ಸಂಗಡಿಗರು ಬಳಕೆಗೆ ತಂದರು. ವಸಡಿನ ಕಡೆಯ ಅಂಚಿನಲ್ಲಿ ಎನಾಮಲ್ಲೇ ಇಲ್ಲದ ಆಳವಾದ ಪಕ್ಕದ ಕುಳಿಗಳಲ್ಲಿ ನನ್ನ ಅಭಿಪ್ರಾಯದಲ್ಲಿ ಇದಕ್ಕಿಂತ ನೆಮ್ಮದಿಯ ದಾರಿಯಿಲ್ಲ. ಅಲ್ಲಿ ತಳಕ್ಕೆ ರೆಸಿನ್ ಸೇರಿದ ಬಗೆಯನ್ನೇ ಆರಿಸಬೇಕು, ಏಕೆಂದರೆ ಸಾಮಾನ್ಯ ಬಗೆ ಬಾಯಿಗೆ ತೆರೆದಿರುವ ಅಂಚಿನಲ್ಲಿ ಕಾಲಕ್ರಮದಲ್ಲಿ ಕರಗುತ್ತದೆ, ಮತ್ತು ರೆಸಿನ್ ಇರುವುದಕ್ಕೆ ಕಾಂಪೊಸಿಟ್ ಚೆನ್ನಾಗಿ ಅಂಟುತ್ತದೆ. ಪಲ್ಪಿನ ಮೇಲೆ ಅರ್ಧ ಮಿಲಿಮೀಟರಿಗಿಂತ ತೆಳುವಾದ ಡೆಂಟಿನ್ ಉಳಿದಿದ್ದರೆ ಆ ಬಿಂದುವಿಗೆ ಮಾತ್ರ ಮೊದಲು ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಇಡಬೇಕು. ತಳಕ್ಕೆಲ್ಲ ಬಳಿದರೆ ಅಂಟಲು ಹಲ್ಲೇ ಉಳಿಯುವುದಿಲ್ಲ.

ಮರುಭೇಟಿಯಲ್ಲಿ

ಆರು ತಿಂಗಳಿಗೊಮ್ಮೆ ನೋಡುವಾಗ ಅಗಿಯುವ ಮೈ ಸ್ವಲ್ಪ ತಗ್ಗಿದ್ದರೆ ಇಡೀ ತುಂಬಿಕೆಯನ್ನು ಕಿತ್ತುಹಾಕುವ ಅಗತ್ಯವಿಲ್ಲ. ಮೇಲ್ಪದರವನ್ನು ಕೆರೆದು, ಕಂಡೀಷನರ್ ಸವರಿ ಹೊಸ ಸಿಮೆಂಟನ್ನಾಗಲಿ, ವಿಧಿಯಂತೆ ಕಾಂಪೊಸಿಟನ್ನಾಗಲಿ ಸೇರಿಸಬಹುದು. ಹುಳುಕು ತಡೆಯಲು ಫ್ಲೋರೈಡ್ ಜೆಲ್ ಹಚ್ಚುವುದಿದ್ದರೆ ಆಮ್ಲೀಯವಾದ ಎಪಿಎಫ್ (ಆಮ್ಲೀಕೃತ ಫಾಸ್ಫೇಟ್ ಫ್ಲೋರೈಡ್) ಜೆಲ್ ಬೇಡ, ಅದು ಈ ಸಿಮೆಂಟಿನ ಗಾಜನ್ನೇ ತಿನ್ನುತ್ತದೆ. ತಟಸ್ಥವಾದ ಸೋಡಿಯಂ ಫ್ಲೋರೈಡನ್ನು ಬಳಸಬೇಕು. ಇನ್ನು, ಕೆಲವು ಉತ್ಪನ್ನಗಳು ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುವುದಿಲ್ಲ. ಮುಂದೊಮ್ಮೆ ಬೇರೆ ವೈದ್ಯರು ಆ ಕಪ್ಪು ನೆರಳನ್ನು ಹುಳುಕೆಂದು ಭಾವಿಸಿ ಕೊರೆಯದಂತೆ, ಯಾವ ಹಲ್ಲಿಗೆ ಯಾವ ಬಗೆಯ ಸಿಮೆಂಟನ್ನು ಯಾವ ದಿನ ಹಾಕಲಾಯಿತೆಂಬುದನ್ನು ರೋಗಿಯ ಚೀಟಿಯಲ್ಲಿ ಬರೆದುಕೊಡಬೇಕು.